ಕೆಂಪು ದಾರದ ಬೋರಮಾಳ

ಊಟಕ್ಕೆ ಕೂಡುವ ಮುಂಚೆ ನಾನು ಈಗಲೂ ಕೈ ಎರಡು ಸಲ ತೊಳೆಯುತ್ತೇನೆ. ಅಂಗಡಿ ಬಿಟ್ಟಾಯಿತು. ಸೇಡಂ ಬಜಾರಿನಲ್ಲಿದ್ದ ನನ್ನ ಗಾಜಿನ ಕಪಾಟು ಬೇರೆಯವರ ಪಾಲಾಯಿತು. ಕೈಯೊಳಗಿನ ಅಂಜಿಕೆ ಮಾತ್ರ ಹೋಗಿಲ್ಲ. ನಮ್ಮ ಓಣಿಯಲ್ಲಿ ಫೋನಿನಲ್ಲೇ ಫೋಟೋ ಹಾಕಿ ಒಂದು ಗ್ರಾಂ ಬಂಗಾರದ ಸರ, ಬಳೆ ಮಾರುವ ಹುಡುಗಿಯರು ಇಬ್ಬರಿದ್ದಾರೆ. ಅವರು ಬಂದು, "ಶಕುಂತಲಕ್ಕಾ, ನಿಮ್ಮ ಧಂದೆದಾಗ ಏನೇನು ನೋಡೀರಿ, ಬರದು ಕೊಡ್ರಿ. ನಮಗ ಉಪಯೋಗ ಆಗ್ತದ" ಅಂದರು. ಬರೆಯಲು ಕೂತರೆ ನೆನಪಾಗುವುದೆಲ್ಲ ಹೆದರಿದ ದಿನಗಳೇ. ಚಲೋ ವ್ಯಾಪಾರವಾದ ದಿನಗಳು ಎಲ್ಲಿ ಹೋದವೋ ಗೊತ್ತಿಲ್ಲ. ಇರಲಿ, ಹೆದರಿದ್ದನ್ನೇ ಬರೆಯುತ್ತೇನೆ, ನಿಮಗೆ ಬೇಕಾಗುವುದೂ ಅದೇ.

ನಾನು ವಾಡಿಯವಳು, ಮದುವೆಯಾಗಿ ಸೇಡಂಗೆ ಬಂದವಳು. ಗಿಲೀಟಿನ ಸಾಮಾನು ಮಾರುತ್ತಿದ್ದೆ. ಬಣ್ಣ ಹೋದ ಸರ, ಬಳೆ, ಓಲೆಗಳನ್ನು ಹೆಂಗಸರಿಂದ ಇಸಿದುಕೊಂಡು ಶಹಾಬಾದಿಗೆ ಒಯ್ದು, ಮತ್ತೆ ಬಂಗಾರದ ನೀರು ಹಾಕಿಸಿ ತಂದು ಕೊಡುತ್ತಿದ್ದೆ. ಶಹಾಬಾದಿನಲ್ಲಿ ಆ ಕೆಲಸ ಮಾಡುತ್ತಿದ್ದವರು ಒಬ್ಬ ಉಸ್ತಾದರು. ನನಗೆ ಮೇಲಧಿಕಾರಿ ಅಂತ ಯಾರಾದರೂ ಇದ್ದರೆ ಅವರೇ. ನನ್ನನ್ನು ಬೇಟಿ ಅಂತಲೇ ಕರೆಯುತ್ತಿದ್ದರು, ಬೈಯುವಾಗಲೂ.

ಉಸ್ತಾದರ ತಂದೆಯ ಕಾಲದಲ್ಲಿ ಕರೆಂಟಿನ ಪಾಲೀಶು ಇರಲಿಲ್ಲ. ಬಂಗಾರವನ್ನು ಪಾದರಸದಲ್ಲಿ ಕಲಸಿ, ತಾಮ್ರದ ಮೇಲೆ ಸವರಿ, ಬೆಂಕಿಗೆ ಹಿಡಿಯುತ್ತಿದ್ದರಂತೆ. ಪಾದರಸ ಹೊಗೆಯಾಗಿ ಹೋಗುತ್ತಿತ್ತು, ಬಂಗಾರ ಕೂತುಕೊಳ್ಳುತ್ತಿತ್ತು. ಆ ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ. ಕಡೆಗಾಲಕ್ಕೆ ಆ ಮುದುಕರ ಕೈ ಹೇಗೆ ನಡುಗುತ್ತಿತ್ತೆಂದರೆ ಚಹಾದ ಬಸಿ ಬಾಯಿಗೆ ಬೇರೆಯವರು ಹಿಡಿಯಬೇಕಾಗಿತ್ತು. "ಅಬ್ಬಾಜಾನ್ ಯಾವುದಕ್ಕೂ ಅಂಜಲಿಲ್ಲ ಬೇಟಿ. ನಾ ಅಂಜ್ತೀನಿ. ಅದಕ್ಕ ನನ್ನ ಕೈ ಇನ್ನಾ ನೆಟ್ಟಗವ" ಅನ್ನುತ್ತಿದ್ದರು ಉಸ್ತಾದರು.

ಅವರ ಕಾಲಕ್ಕೆ ಪಾದರಸ ಹೋಗಿ ಕರೆಂಟು ಬಂತು. ನೋಡಲು ಬಹಳ ಸರಳ. ಬಂಗಾರದ ನೀರಿನ ಪಾತ್ರೆಗೆ ತಂತಿ ಕಟ್ಟಿದ ಸರ ಇಳಿಬಿಟ್ಟು ಸ್ವಿಚ್ಚು ಒತ್ತಿದರೆ ಕಣ್ಣೆದುರೇ ಹಿತ್ತಾಳೆ ಬಂಗಾರವಾಗುತ್ತಿತ್ತು. ಆದರೆ ಆ ನೀರಿನಲ್ಲಿ ಇರುವುದು ಸೈನೈಡು. ಅದರ ಹತ್ತಿರ ಆಸಿಡ್ಡಿನ ಬಾಟಲಿ ಸುಳಿಯುವಂತಿಲ್ಲ, ಕಿಟಕಿ ಮುಚ್ಚುವಂತಿಲ್ಲ, ಆ ಖೋಲಿಯಲ್ಲಿ ಬಾಯಿಗೆ ಏನೂ ಹಾಕುವಂತಿಲ್ಲ. ಒಮ್ಮೆ ಚಿತ್ತಾಪುರದ ಗಿರಾಕಿಯೊಬ್ಬರು ಚಹಾ ಕುಡಿಯುತ್ತಾ ಒಳಗೆ ಬಂದು, ಗ್ಲಾಸನ್ನು ಆ ನೀರಿನ ಪಾತ್ರೆ ಇಟ್ಟಿದ್ದ ಹಲಗೆಯ ಮೇಲೇ ಇಟ್ಟು ಮಾತಿಗೆ ನಿಂತರು. ಉಸ್ತಾದರು ಆ ಗ್ಲಾಸನ್ನು ಎತ್ತಿ ಹೊರಗಿನ ಕಲ್ಲಿಗೆ ಅಪ್ಪಳಿಸಿಬಿಟ್ಟರು. ಗಿರಾಕಿ ಅವಮಾನವಾಯಿತೆಂದು ಸಾಮಾನು ಎತ್ತಿಕೊಂಡು ಹೋದರು. ಉಸ್ತಾದರು ಬಹಳ ಹೊತ್ತು ಹೊಸ್ತಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು. ಅವತ್ತಿನಿಂದ ನನಗೆ ಊಟಕ್ಕೆ ಮುಂಚೆ ಎರಡು ಸಲ ಕೈ ತೊಳೆಯುವ ಚಾಳಿ.

ನೀವು ಮಾರುವವರು, ಈ ನೀರನ್ನು ಮುಟ್ಟುವವರಲ್ಲ. ಆದರೂ ಏನು ಮಾರುತ್ತಿದ್ದೀರಿ ಅನ್ನುವುದು ತಿಳಿದಿರಲಿ. ಒಂದು ಗ್ರಾಂ ಬಂಗಾರ ಅನ್ನುವುದು ಹೆಸರು ಮಾತ್ರ. ಒಳಗಿರುವುದು ತಾಮ್ರವೋ ಹಿತ್ತಾಳೆಯೋ. ಮೇಲಿರುವ ಬಂಗಾರ ಉಸಿರಿನಷ್ಟು ತೆಳು. ಅದು ಒಮ್ಮೆಲೇ ಹೋಗುವುದಿಲ್ಲ, ತಿಕ್ಕುವ ಜಾಗದಿಂದ ಹೋಗುತ್ತದೆ: ಸರದ ಕೊಂಡಿ, ಬಳೆಯ ಒಳಮೈ, ಕುತ್ತಿಗೆಯ ಹಿಂದಿನ ಮಣಿ. ನಮ್ಮ ಕಡೆಯ ಬಿಸಿಲಿಗೆ ಬೆವರು ಅದನ್ನು ಇನ್ನೂ ಬೇಗ ತಿನ್ನುತ್ತದೆ. ಪೌಡರು, ಎಣ್ಣೆ, ಸೆಂಟು ಎಲ್ಲ ಆದ ಮೇಲೆ ಕಡೆಗೆ ಹಾಕಿಕೊಳ್ಳಬೇಕು, ಮನೆಗೆ ಬಂದ ಕೂಡಲೇ ಮೊದಲು ತೆಗೆಯಬೇಕು, ಮೆತ್ತನೆಯ ಒಣ ಅರಿವೆಯಿಂದ ಒರೆಸಿ ಬೇರೆ ಬೇರೆ ಪುಡಿಕೆಯಲ್ಲಿ ಗಾಳಿಯಾಡದಂತೆ ಕಟ್ಟಿಡಬೇಕು. ತೀರಾ ಕೊಳೆಯಾದರೆ ಅಂಟುವಾಳದ ಪುಡಿ ಕಲಸಿದ ಉಗುರುಬೆಚ್ಚನೆಯ ನೀರು ಸಾಕು, ಅದೂ ಯಾವಾಗಲಾದರೊಮ್ಮೆ.

ಇದನ್ನು ಎಷ್ಟು ಹೇಳಿದರೂ ಕೇಳದವರು ಇದ್ದೇ ಇರುತ್ತಾರೆ. ವಾಡಿಯ ನನ್ನ ಗೆಳತಿಯೇ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಸರ ಫಳಫಳ ಹೊಳೆಯಲಿ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಪೂಜೆಯ ತಂಬಿಗೆ ತಿಕ್ಕಿದ ಹಾಗೆ ತಿಕ್ಕಿದ್ದಾಳೆ, ಪುಣ್ಯಾತ್ಗಿತ್ತಿ! ತಂಬಿಗೆಯಂತೆಯೇ ಕೆಂಪಗೆ ತಾಮ್ರ ಎದ್ದು ಬಂತು. ಬೀಗರು ಬರುವ ಹೊತ್ತಿಗೆ ಸೆರಗನ್ನು ಕುತ್ತಿಗೆ ತುಂಬ ಹೊದ್ದು ಕೂತಿದ್ದಳು, ಆ ಬೇಸಿಗೆಯಲ್ಲಿ. ಚಿತ್ತಾಪುರದ ಹುಡುಗಿಯೊಬ್ಬಳ ಕಿವಿ ನನ್ನ ಓಲೆಯಿಂದಲೇ ಬಾತು ಕೀವಾಯಿತು. ಬಂಗಾರದ ಕೆಳಗೆ ನಿಕಲ್ಲಿನ ಪದರ ಇತ್ತು, ಅವಳ ಮೈಗೆ ಅದು ಆಗಿಬರಲಿಲ್ಲ. ಅಲ್ಲಿಂದ ಮುಂದೆ ನಾನು ನಿಕಲ್ಲು ಮೈಗೆ ಆಗಿಬರುತ್ತದೆಯೇ ಅಂತ ಕೇಳದೇ ಓಲೆ ಕೊಟ್ಟವಳಲ್ಲ. ನೀವೂ ಕೇಳಿರಿ.

ಈಗ ಆ ಬೋರಮಾಳದ ವಿಷಯ. ಇದನ್ನು ಬರೆಯಲಿಕ್ಕೇ ಇಷ್ಟು ಹೊತ್ತು ಸುತ್ತು ಹಾಕಿದೆ.

ನಮ್ಮ ಕಡೆ ದೂರದ ಊರಿಗೆ ಹೋಗುವವರು ವಾಡಿಗೆ ಬಂದು ರೈಲು ಹತ್ತಬೇಕು. ರೈಲಿನಲ್ಲಿ ಸರ ಹರಿದುಕೊಂಡು ಹೋಗುವವರ ಭಯ ಎಲ್ಲರಿಗೂ ಇದೆ. ಹಾಗಾಗಿ ಮನೆಯ ಅಸಲಿ ಸರದ ಹಾಗೆಯೇ ಒಂದು ನಕಲಿ ಮಾಡಿಸಿ, ಅದನ್ನು ಹಾಕಿಕೊಂಡು ರೈಲು ಹತ್ತುವುದು ರೂಢಿ. ಅಂಥ ಜೋಡಿ ಸರಗಳನ್ನು ನಾನು ಬಹಳ ಮಾಡಿಸಿ ಕೊಟ್ಟಿದ್ದೇನೆ. ಅದಲುಬದಲಾಗದಿರಲಿ ಅಂತ ನಾನೇ ಒಂದು ಪದ್ಧತಿ ಮಾಡಿಕೊಂಡಿದ್ದೆ: ನಕಲಿಯ ಕೊಂಡಿಗೆ ಒಂದೆಳೆ ಕೆಂಪು ದಾರ ಸುತ್ತಿ, ಸಣ್ಣ ಗಂಟು ಹಾಕಿ, ತುದಿಯನ್ನು ಬಿಗಿಯಾಗಿ ಕತ್ತರಿಸುತ್ತಿದ್ದೆ. ಕೆಂಪು ದಾರ ಇದ್ದರೆ ನಕಲಿ. ಸೇಡಂನಿಂದ ಚಿಂಚೋಳಿಯವರೆಗೆ ನನ್ನ ಗಿರಾಕಿ ಹೆಂಗಸರಿಗೆಲ್ಲ ಇದು ಗೊತ್ತಿತ್ತು.

ಐನಾಪುರದ ಗುಂಡಮ್ಮ ಎಂಬ ಹಿರಿಯರಿಗೂ ಅವರ ಬೋರಮಾಳದ ನಕಲಿಯನ್ನು ಮಾಡಿಸಿ ಕೊಟ್ಟಿದ್ದೆ. ಬೋರಮಾಳ ಅಂದರೆ ಬಾರಿಹಣ್ಣಿನಂಥ ಮಣಿಗಳ ಸರ. ಅಸಲಿಯಾದರೂ ಮಣಿಯ ಮೇಲೆ ಬಂಗಾರದ ತೆಳು ತಗಡು, ಒಳಗೆಲ್ಲ ಅರಗು. ನಕಲಿಯ ಮಣಿ ಪೊಳ್ಳು ತಾಮ್ರದ್ದು, ಅದರಲ್ಲಿ ಅರಗು ಇರುವುದಿಲ್ಲ. ಎರಡೂ ತೂಕಕ್ಕೆ ಹಗುರ. ಕೈಯಲ್ಲಿ ಹಿಡಿದು ಅಸಲಿ ನಕಲಿ ಹೇಳುವುದು ನುರಿತವರಿಗೂ ಕಷ್ಟ.

ಕೆಲವು ವರ್ಷ ಕಳೆದ ಮೇಲೆ, ಸುಲೇಪೇಟದ ಸಂತೆಯಲ್ಲಿ ಗುಂಡಮ್ಮನ ಸೊಸೆ ಸವಿತಾ ಸಿಕ್ಕಳು. ಗದ್ದಲದಲ್ಲಿ ಒಂದು ಕರವಸ್ತ್ರದ ಗಂಟನ್ನು ನನ್ನ ಕೈಗಿಟ್ಟಳು.

"ಅಕ್ಕಾ, ಇದು ಮಾಸ್ಯಾದ. ನೀರ ಹಾಕಿಸಿ ಕೊಡ್ರಿ. ನಾದಿನಿ ಮದುವಿಗಿ ಹಾಕ್ಕೋಬೇಕು."

ಬಿಚ್ಚಿ ನೋಡಿದೆ. ಬೋರಮಾಳ, ಕೊಂಡಿಗೆ ಕೆಂಪು ದಾರ. ಮಡಚಿ ಚೀಲಕ್ಕೆ ಹಾಕಿಕೊಂಡೆ.

ಶಹಾಬಾದಿನಲ್ಲಿ ಉಸ್ತಾದರು ಎಂದಿನಂತೆ ಮೊದಲು ಬಿಸಿನೀರಿನ ಬೋಗುಣಿಯ ಹಬೆಗೆ ಸರ ಹಿಡಿದರು. ಕೊಳೆ ಸಡಿಲವಾಗಲಿ ಅಂತ ಹಾಗೆ ಮಾಡುತ್ತಿದ್ದರು. ಹಿಡಿದವರು ಥಟ್ಟನೆ ಕೈ ಹಿಂದೆಗೆದು ಸರವನ್ನು ಮೂಗಿನ ಹತ್ತಿರ ಒಯ್ದರು.

"ಅರಗಿನ ವಾಸನಿ ಬರ್ಲಿಕತ್ತದ ಬೇಟಿ. ಇದು ಅಸಲಿ ಮಾಲು. ಯಾರದು ತಂದೀದಿ?"

ಇನ್ನು ಸ್ವಲ್ಪ ಹೊತ್ತು ಬಿಸಿಯಲ್ಲಿದ್ದರೆ ಅರಗು ಕರಗಿ ಮಣಿಗಳೆಲ್ಲ ನುಗ್ಗಾಗಿ ಹೋಗುತ್ತಿದ್ದವು. ಅದಕ್ಕಿಂತ ದೊಡ್ಡ ಭಯ ಬೇರೆಯೇ ಇತ್ತು. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ: ಪಾಲೀಶು ಮಾಡುತ್ತೇವೆಂದು ಬಾಗಿಲಿಗೆ ಬರುತ್ತಾರೆ, ಸರವನ್ನು ಯಾವುದೋ ನೀರಿನಲ್ಲಿ ಅದ್ದುತ್ತಾರೆ, ಅರ್ಧ ಬಂಗಾರ ಆ ನೀರಿನಲ್ಲೇ ಕರಗಿಸಿಕೊಂಡು ಹೋಗುತ್ತಾರೆ, ಕಂಡಲ್ಲಿ ಹಿಡಿಯಿರಿ. ಅಂಥ ಕಳ್ಳರು ಇರುವುದು ನಿಜ. ಆದರೆ ಜನ ಹಿಡಿದು ಬಡಿದವರೆಲ್ಲ ಅಂಥವರಾಗಿರಲಿಲ್ಲ. ಈಗ ಪಾಲೀಶಿನವಳಾದ ನನ್ನ ಚೀಲದಲ್ಲಿ ಇನ್ನೊಬ್ಬರ ಅಸಲಿ ಬಂಗಾರ ಇತ್ತು.

"ತಿರುಗಿ ಕೊಡಲಿಕ್ಕ ನೀ ಒಬ್ಬಾಕಿ ಹೋಗಬ್ಯಾಡ. ಠಾಣೆಗೆ ಕೊಟ್ಟುಬಿಡು" ಅಂದರು ಉಸ್ತಾದರು. ಠಾಣೆಗೆ ಕೊಟ್ಟರೆ ಸವಿತಾಳ ಮನೆಯಲ್ಲಿ ಏನಾದೀತು ಅಂತ ಯೋಚಿಸುತ್ತಲೇ ಸೇಡಂಗೆ ವಾಪಸು ಬಂದೆ. ಸವಿತಾಳ ಹತ್ತಿರ ಫೋನೂ ಇರಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿ ತೆರೆಯುತ್ತಲೇ ಸುಲೇಪೇಟದ ಗಿರಾಕಿಯೊಬ್ಬಳು ಬಂದಳು. ಬಳೆ ನೋಡುವ ನೆಪ ಮಾಡಿ ದನಿ ತಗ್ಗಿಸಿದಳು.

"ಅಕ್ಕಾ, ಐನಾಪುರದಾಗ ಗದ್ದಲ ಆಗ್ಯಾದ. ಗುಂಡಮ್ಮ ಅಸಲಿ ಇಡೋ ಟ್ರಂಕ್ ತಗದು ನೋಡಿದ್ರ ಬೋರಮಾಳದ ಹಿಂದಿನ ಮಣಿ ಕೆಂಪಗ ತಾಮ್ರ ಕಾಣಸ್ಲಿಕತ್ತದಂತ. ಸೊಸಿ ಅಸಲಿದು ತವರಿಗೆ ಸಾಗಿಸಿ ನಕಲಿ ಇಟ್ಟಾಳಂತ ಹಿಡ್ಕೊಂಡಾರ. ಆಕಿ, ನಾ ನಕಲಿ ಸೇಡಂ ಅಕ್ಕಗ ಕೊಟ್ಟೀನಿ ಅಂದಳಂತ. ನಿಮ್ಮ ಹೆಸರೂ ಬಂದದ. ನಿನ್ನಿ ಆ ಹುಡುಗಿ ಚಂದ್ರಂಪಳ್ಳಿ ಡ್ಯಾಮಿನ ಕಡಿ ಒಬ್ಬಾಕೆ ನಡಕೋತ ಹೊಂಟಿದ್ದಳಂತ. ಯಾರೋ ನೋಡಿ ಕರಕೊಂಡು ಬಂದ್ರು. ಇವತ್ತ ತವರಿನವರನ್ನ ಕರಸ್ಲಿಕತ್ತಾರ."

ನಾನು ಅಂಗಡಿ ಮುಚ್ಚಿದೆ. ಬೋರಮಾಳವನ್ನು ಅರಿವೆಯಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡು ಬಸ್ಸು ಹತ್ತಿದೆ. ಧೈರ್ಯ ಅಂತ ತಿಳಿಯಬೇಡಿ. ಆ ಹುಡುಗಿ ಡ್ಯಾಮಿನ ಕಡೆ ನಡೆದು ಹೋಗುವ ಚಿತ್ರ ಕಣ್ಣಿಗೆ ಕಟ್ಟಿತ್ತು. ಅದಕ್ಕಿಂತ ಬಸ್ಸೇ ವಾಸಿ ಅನಿಸಿತು. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವನು ಫೋನಿನಲ್ಲಿ ಅದೇ ಪಾಲೀಶು ಕಳ್ಳರ ವಿಡಿಯೋ ಹಚ್ಚಿಕೊಂಡಿದ್ದ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಐನಾಪುರದಲ್ಲಿ ಇಳಿದಾಗ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬ ಎದ್ದು ನಿಂತ. "ಇಕಿನೇ ಪಾಲೀಶದಾಕಿ" ಅಂದ. ಉಳಿದವರೂ ಎದ್ದರು. ನಾನು ನಡೆದೆ, ಅವರು ಹಿಂದೆ ಬಂದರು. ಜೋರಾಗಿ ಹೆಜ್ಜೆ ಹಾಕಿದರೆ ಓಡಿದಳು ಅಂದಾರು ಅಂತ ಮೆಲ್ಲಗೇ ನಡೆದೆ. ಬೆನ್ನು ಬೆವರಿ ಸೀರೆ ಅಂಟಿಕೊಂಡಿತ್ತು.

ಗುಂಡಮ್ಮನ ಅಂಗಳದಲ್ಲಿ ಆಗಲೇ ಜನ ಸೇರಿತ್ತು. ಗುಂಡಮ್ಮ ಹೊರಸಿನ ಮೇಲೆ ಕೂತಿದ್ದರು, ಸೊಂಟಕ್ಕೆ ಕೀಲಿಯ ಗೊಂಚಲು. ಸವಿತಾ ಗೋಡೆಗೆ ಒರಗಿ ನೆಲದ ಮೇಲೆ. ಅವಳ ಗಂಡ ರೇವಣಸಿದ್ದ ಬಂದವನೇ ನನ್ನ ಚೀಲ ಕಿತ್ತು ಅಂಗಳಕ್ಕೆ ಸುರುವಿದ. ಅಂಟುವಾಳದ ಪುಡಿಯ ಪೊಟ್ಟಣ ಉರುಳಿತು.

"ಇದೇ ಔಷಧ ನೋಡ್ರಿ! ಇದರಾಗೇ ಕರಗಸ್ತಾರ!" ಅಂತ ಯಾರೋ ಕೂಗಿದರು. ಫೋನುಗಳು ಮೇಲೆದ್ದವು. ಹಿಂದಿನಿಂದ ಒಂದು ಕೈ ನನ್ನ ತುರುಬು ಹಿಡಿಯಿತು. ಇವತ್ತು ಇಲ್ಲೇ ಮುಗಿಯಿತು ಅಂದುಕೊಂಡೆ. ಮನೆಯಲ್ಲಿ ಒಲೆಯ ಪಕ್ಕ ಬೇಳೆ ನೆನೆಸಿಟ್ಟು ಬಂದದ್ದು ಯಾಕೋ ನೆನಪಾಯಿತು.

ಅರಿವೆಯ ಗಂಟನ್ನು ತೆಗೆದು ಗುಂಡಮ್ಮನ ಮಡಿಲಿಗೆ ಹಾಕಿದೆ.

"ಆಯಿ, ನಿಮ್ಮ ಅಸಲಿ ಸರ ಅದ. ನೋಡ್ಕೋರಿ."

ಗುಂಡಮ್ಮ ಬಿಚ್ಚಿದರು. ಮಣಿಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. ಅಲ್ಲಿ ಒಂದು ಮಣಿ ಸಣ್ಣಗೆ ತಗ್ಗಾಗಿತ್ತು.

"ಇದು ನಂದೇ" ಅಂದರು. "ರೇವಣ್ಯಾ ಹಲ್ಲ ಬರೋ ಟೈಮಿನಾಗ ಕಚ್ಚಿದ್ದು. ಇದು ನಂದೇ ಅದ."

ತುರುಬು ಹಿಡಿದ ಕೈ ಸಡಿಲವಾಯಿತು. ನಾನು ಬದುಕಿದೆ. ಆದರೆ ಎಲ್ಲರ ಮುಖವೂ ಈಗ ಸವಿತಾಳ ಕಡೆ ತಿರುಗಿತು.

"ಹಂಗಾದ್ರ ಅಸಲಿದು ಈಕಿ ಕೈಗೆ ಯಾಕ ಕೊಟ್ಟಿ?" ರೇವಣಸಿದ್ದ ಅವಳ ಮುಂದೆ ಹೋಗಿ ನಿಂತ.

"ಕೆಂಪ ದಾರ ಇತ್ತು. ನಕಲಿ ಇಡೋ ಡಬ್ಬಿದಾಗೇ ಇತ್ತು. ಅದಕ್ಕ ಕೊಟ್ಟೆ."

"ದಾರ ನೀನೇ ಕಟ್ಟೀದಿ! ಮಾರಲಿಕ್ಕೇ ಕಟ್ಟೀದಿ!"

ಸವಿತಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. ನನ್ನ ಪಾಲಿನದು ಮುಗಿದಿತ್ತು, ಸರ ಮುಟ್ಟಿತ್ತು, ಬಸ್ಸು ಸಿಗುತ್ತಿತ್ತು. ಹೊರಟುಹೋಗಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಆದರೆ ನಾನು ಹೋಗಲಿಲ್ಲ.

ಆಗ ಆ ದಾರವನ್ನು ಮೊದಲ ಸಲ ಸರಿಯಾಗಿ ನೋಡಿದೆ. ದಾರ ನನ್ನದೇ, ಗಂಟು ನನ್ನದಲ್ಲ. ನಾನು ತುದಿ ಉಳಿಸುವವಳಲ್ಲ. ಇದು ಜೋಳದ ಚೀಲದ ಬಾಯಿಗೆ ಹಾಕುವಂಥ ಗಂಟು, ಎಳೆದರೆ ಬಿಚ್ಚುವಂತೆ ಒಂದು ಕುಣಿಕೆ, ಒಂದು ಉದ್ದ ಬಾಲ. ಕಣ್ಣು ಎತ್ತಿದೆ. ಗುಂಡಮ್ಮನ ಸೊಂಟದಲ್ಲಿ ಕೀಲಿಯ ಗೊಂಚಲು ಕಟ್ಟಿದ ಲಾಡಿಗೂ ಅದೇ ಕುಣಿಕೆ, ಅದೇ ಬಾಲ.

ನಾನು ನೋಡಿದ್ದನ್ನು ಅವರೂ ನೋಡಿದರು. ಅವರ ಕೈ ಕೀಲಿಯನ್ನು ಮುಚ್ಚಿತು. ನಾನು ಹೊರಸಿನ ಪಕ್ಕದಲ್ಲಿ ಕೂತೆ. ಅವರು ನನ್ನ ಕಿವಿಯ ಹತ್ತಿರ ಬಾಗಿದರು.

"ಕಳ್ಳರು ಟ್ರಂಕೇ ಒಡೀತಾರಂತ... ನಕಲಿ ಟ್ರಂಕಿನಾಗ ಇಟ್ಟು, ಅದರ ದಾರ ಬಿಚ್ಚಿ ಅಸಲಿಗೆ ಕಟ್ಟಿ ಡಬ್ಬಿಗೆ ಹಾಕಿದ್ದೆನೇನೋ ಯವ್ವಾ. ಈಗ ನೆನಪಾಗ್ಲಿಕತ್ತದ. ಹೇಳಬ್ಯಾಡ. ಮರವು ಬಂದದಂತ ಗೊತ್ತಾದ್ರ ಕೀಲಿ ಕಸಗೊಂಡು ಮೂಲಿಗೆ ಕೂಡಸ್ತಾರ ನನ್ನ."

ಆ ಅಂಗಳದಲ್ಲಿ ನನಗಿಂತ, ಸವಿತಾಳಿಗಿಂತ ಹೆಚ್ಚು ಹೆದರಿದ್ದವರು ಅವರೇ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆದರೂ ಹೇಳಿದೆ.

"ಆಯಿ, ಈ ಮಾತು ನಾ ಹೇಳಿದ್ರ ಯಾರೂ ನಂಬಂಗಿಲ್ಲ. ನೀವೇ ಹೇಳಬೇಕು. ನೀವು ಹೇಳಲಿಲ್ಲಂದ್ರ ಆ ಹುಡುಗಿ ಇನ್ನೊಮ್ಮಿ ಡ್ಯಾಮಿನ ಕಡಿ ಹೋಗ್ತಾಳ. ಆವಾಗ ನೋಡಿ ಕರಕೊಂಡು ಬರಲಿಕ್ಕೆ ಯಾರೂ ಇರಲಿಕ್ಕಿಲ್ಲ."

ಗುಂಡಮ್ಮ ಸೊಸೆಯ ಕಡೆ ತಿರುಗಿದರು. ಆಮೇಲೆ ಸೊಂಟಕ್ಕೆ ಕೈ ಹಾಕಿ ಲಾಡಿಯ ಬಾಲ ಎಳೆದರು. ಗೊಂಚಲು ಕೈಗೆ ಬಂತು. ಅದನ್ನು ಹಿಡಿದುಕೊಂಡು ಎದ್ದು, ನೆಲದ ಮೇಲೆ ಕೂತಿದ್ದ ಸವಿತಾಳ ಮುಂದೆ ಹೋಗಿ ನಿಂತರು.

"ದಾರ ನಾ ಕಟ್ಟೀನಿ" ಅಂದರು, ಎಲ್ಲರಿಗೂ ಕೇಳುವಂತೆ. "ಕಳ್ಳರ ಅಂಜಿಕಿಗಿ ಕಟ್ಟಿ ಮರತೀನಿ. ನನಗ ಮರವು ಬಂದದ. ಹಿಡಿ, ಇನ್ನ ಮ್ಯಾಲ ಇದು ನಿನ್ನ ಕಡಿ ಇರಲಿ."

ಸವಿತಾ ಕೈ ಚಾಚಲಿಲ್ಲ. "ನನಗ ಬ್ಯಾಡ ಅತ್ತಿ. ಅಂಜಿಕಿ ಬರ್ತದ" ಅಂದಳು. ಗೊಂಚಲು ಗುಂಡಮ್ಮನ ಕೈಯಿಂದ ಜಾರಿ ಅಂಗಳಕ್ಕೆ ಹಾಸಿದ್ದ ಪರಸಿ ಕಲ್ಲಿನ ಮೇಲೆ ಬಿತ್ತು. ಮೇಲೆದ್ದಿದ್ದ ಫೋನುಗಳು ಒಂದೊಂದಾಗಿ ಕೆಳಗಿಳಿದವು. ರೇವಣಸಿದ್ದ ನನ್ನ ಚೀಲದ ಸಾಮಾನುಗಳನ್ನು ಆರಿಸಿ ತುಂಬತೊಡಗಿದ, ತಲೆ ಎತ್ತದೆ. ನಾನು ಬಸ್ಸಿಗೆ ಹೊರಡುವವರೆಗೂ ಆ ಕೀಲಿಗಳನ್ನು ಯಾರೂ ಎತ್ತಿರಲಿಲ್ಲ.

ಮುಂದೆ ಎರಡು ಮೂರು ಸಂತೆ ಸವಿತಾ ಕಾಣಲಿಲ್ಲ. ಪ್ರತಿ ಸಲವೂ ಕೇಳಲು ಹೆದರಿ ಸುಮ್ಮನಿದ್ದೆ. ಒಂದು ದಿನ ನನ್ನ ಅಂಗಡಿಗೇ ಬಂದಳು, ಗುಂಡಮ್ಮನ ಕೈ ಹಿಡಿದುಕೊಂಡು. ಕೀಲಿ ಈಗ ಸವಿತಾಳ ಸೊಂಟದಲ್ಲಿತ್ತು. ಮುದುಕಿ ನನ್ನ ಕಪಾಟಿನ ಸಾಮಾನು ನೋಡಿ, "ಇವೆಲ್ಲ ಅಸಲಿ ಏನವ್ವಾ?" ಅಂತ ಕೇಳಿದರು. ನನ್ನ ಗುರುತೂ ಹತ್ತಿರಲಿಲ್ಲ. "ಇಲ್ಲ ಅತ್ತಿ, ನಕಲಿ ಅವ. ಕಳ್ಳರ ಅಂಜಿಕಿ ಇಲ್ಲ" ಅಂದಳು ಸವಿತಾ. ಮುದುಕಿ ಹಗುರಾದರು.

ಆವತ್ತಿನಿಂದ ನಾನು ದಾರವನ್ನು ನಂಬುವುದು ಬಿಟ್ಟೆ. ಯಾರ ಕೈಯಿಂದ ಏನು ಇಸಿದುಕೊಂಡರೂ ಅವರ ಎದುರಿಗೇ ಒರೆಗಲ್ಲಿಗೆ ತಿಕ್ಕಿ, ಕೊಂಡಿಯ ಕೆಳಗೆ ತಾಮ್ರ ಕಾಣುತ್ತದೆಯೇ ನೋಡಿ, ಆಮೇಲೆ ಚೀಲಕ್ಕೆ ಹಾಕುತ್ತಿದ್ದೆ. ಗದ್ದಲವಿದ್ದರೆ ಇಸಿದುಕೊಳ್ಳುತ್ತಲೇ ಇರಲಿಲ್ಲ. ನೀವೂ ಹಾಗೇ ಮಾಡಿರಿ. ಯಾರ ಬಾಗಿಲಲ್ಲೂ ಪಾಲೀಶು ಮಾಡಬೇಡಿ, ಮಾಡಿಸಿಕೊಳ್ಳಲೂ ಬೇಡಿ. ಜೋಡಿ ಸರ ಮಾರಿದರೆ ಎರಡೂ ಎಲ್ಲಿರುತ್ತವೆ ಅನ್ನುವುದು ಮನೆಯ ಇಬ್ಬರಿಗಾದರೂ ಗೊತ್ತಿರಲಿ ಅಂತ ಹೇಳಿ ಕಳಿಸಿರಿ.

ಉಸ್ತಾದರು ಈಗಿಲ್ಲ. ಕಡೆಯ ತನಕ ಅವರ ಕೈ ನೆಟ್ಟಗೇ ಇತ್ತು.

ಹೋದ ತಿಂಗಳು ನನ್ನ ಪೆಟ್ಟಿಗೆ ತೆಗೆದು ಕೂತಿದ್ದೆ. ನನ್ನದೂ ಒಂದು ಅಸಲಿ ಸರ ಇದೆ, ಅದರ ನಕಲಿಯೂ ಇದೆ. ಎರಡನ್ನೂ ಎರಡು ಅಂಗೈಯಲ್ಲಿ ಹಿಡಿದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ ಬೆರಳುಗಳು, ಏನೂ ಹೇಳಲಿಲ್ಲ. ನಕಲಿಗೆ ದಾರ ಕಟ್ಟಿದ್ದೆನೋ, ಬಿಚ್ಚಿದ್ದೆನೋ, ಯಾವಾಗ ಬಿಚ್ಚಿದೆನೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಐನಾಪುರದ ಅಂಗಳದಲ್ಲಿ ತುರುಬು ಹಿಡಿದಾಗಲೂ ಅಷ್ಟು ಹೆದರಿರಲಿಲ್ಲ.

ಒರೆಗಲ್ಲು ತಂದು ಎರಡನ್ನೂ ತಿಕ್ಕಿ ನೋಡಿದೆ. ಆಮೇಲೆ ಸೊಸೆಯನ್ನು ಕರೆದು ಎದುರಿಗೆ ಕೂರಿಸಿಕೊಂಡು, ನಕಲಿಗೆ ಕೆಂಪು ದಾರ ಸುತ್ತಿ, ಗಂಟು ಹಾಕಿ, ತುದಿ ಕತ್ತರಿಸಿ ಅವಳ ಕೈಗೆ ಕೊಟ್ಟೆ. ಪೆಟ್ಟಿಗೆಯ ಕೀಲಿಯನ್ನೂ ಕೊಟ್ಟೆ. ಅವಳು ಗಾಬರಿಯಾಗಿ, "ಯಾಕ್ರಿ ಅತ್ತಿ, ಏನಾತು?" ಅಂದಳು.

"ಈ ಗಂಟು ಛಂದಾಗಿ ನೋಡಿಟ್ಕೋ" ಅಂದೆ. "ಇದು ನಾ ಹಾಕಿದ್ದು. ನಾಳಿ ನಾನೇ ಅಲ್ಲ ಅಂದ್ರೂ ನಂಬಬ್ಯಾಡ."